ಕ್ಲಿಪ್ ಕಪ್ಪಾಗುವುದು ಸಂದಿಯಲ್ಲಿ

ಒಂಬತ್ತು ವರ್ಷದ ಹುಡುಗ. ಅಮ್ಮ ಅವನ ಬಾಯಿ ತೆರೆಸಿ ಕೆಳಗಿನ ದವಡೆ ಹಲ್ಲು ತೋರಿಸಿದರು. "ಡಾಕ್ಟ್ರೇ, ಕ್ಲಿಪ್ಪು ಕಪ್ಪಾಗಿಬಿಟ್ಟಿದೆ. ಸ್ಟೀಲಿಗೂ ತುಕ್ಕು ಹಿಡಿಯುತ್ತಾ? ಹೊಟ್ಟೆಗೆ ಹೋದ್ರೆ ವಿಷ ಅಲ್ವಾ?"

ಅದು ಹಲ್ಲು ಸಾಲಿಗೆ ತರುವ ಕ್ಲಿಪ್ ಅಲ್ಲ, ಸ್ಪೇಸ್ ಮೇಂಟೇನರ್. ಹುಳುಕಾದ ಹಾಲುಹಲ್ಲನ್ನು ಬೇಗ ಕೀಳಬೇಕಾಗಿ ಬಂದರೆ, ಮುಂದೆ ಹುಟ್ಟುವ ಹಲ್ಲಿಗೆ ಜಾಗ ಕಾಯಲು ಇದನ್ನು ಹಾಕುತ್ತೇವೆ. ಹಲ್ಲಿನ ಸುತ್ತ ಉಂಗುರದಂಥ ಒಂದು ಬ್ಯಾಂಡ್, ಅದಕ್ಕೆ ಬೆಸೆದ ಒಂದು ತಂತಿಯ ಕುಣಿಕೆ, ಅಷ್ಟೇ. ದೀಪ ಹತ್ತಿರ ತಂದು ನೋಡಿದೆ. ಬ್ಯಾಂಡು ಇನ್ನೂ ಹೊಳೆಯುತ್ತಿತ್ತು. ತಂತಿಯೂ ಚೆನ್ನಾಗಿಯೇ ಇತ್ತು. ಎರಡೂ ಸೇರುವ ಕಡೆ, ಸಾಸಿವೆ ಕಾಳಿನಷ್ಟು ಬೆಸುಗೆ ಮಾತ್ರ ಕಪ್ಪಾಗಿ, ಇರುವೆ ತಿಂದ ಬೆಲ್ಲದ ಹಾಗೆ ಗುಳಿಗುಳಿಯಾಗಿತ್ತು.

ನಾವು ಬಳಸುವ ಸ್ಟೀಲಿನಲ್ಲಿ ಹೆಚ್ಚುಕಡಿಮೆ 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಇರುತ್ತದೆ. ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ ಮೇಲೆ ಒಂದು ಪೊರೆ ಕಟ್ಟುತ್ತದೆ. ಕಣ್ಣಿಗೆ ಕಾಣದಷ್ಟು ತೆಳು. ಗೀರು ಬಿದ್ದರೆ ಮತ್ತೆ ತಾನೇ ಕಟ್ಟಿಕೊಳ್ಳುತ್ತದೆ. ಇದಕ್ಕೆ ಇಬ್ಬರು ಶತ್ರುಗಳು, ಉಪ್ಪು ಮತ್ತು ಹುಳಿ. ಅಜ್ಜಿಯರು ಉಪ್ಪಿನಕಾಯಿಯನ್ನು ಸ್ಟೀಲ್ ಡಬ್ಬಿಗೆ ಹಾಕದೆ ಪಿಂಗಾಣಿ ಜಾಡಿಯಲ್ಲೇ ಇಡುತ್ತಿದ್ದರಲ್ಲ, ಕಾರಣ ಇದೇ. ಬಾಯಲ್ಲಿ ಉಪ್ಪು ಸದಾ ಇರುತ್ತದೆ. ಹುಳಿಯನ್ನು ಬ್ಯಾಕ್ಟೀರಿಯಾಗಳು ತಯಾರಿಸುತ್ತವೆ, ಮಗು ಸಿಹಿ ತಿಂದಾಗಲೆಲ್ಲ.

ಆದರೂ ಬಯಲಿನಲ್ಲಿರುವ ತಂತಿ ಬೇಗ ಕೆಡುವುದಿಲ್ಲ. ಜೊಲ್ಲು ಅದನ್ನು ತೊಳೆಯುತ್ತಲೇ ಇರುತ್ತದೆ, ಪೊರೆಯೂ ಕೂಡಿಕೊಳ್ಳುತ್ತದೆ. ತೊಂದರೆ ಶುರುವಾಗುವುದು ಸಂದಿಯಲ್ಲಿ. ಹಲ್ಲು ಸಾಲಿಗೆ ತರುವ ಕ್ಲಿಪ್ಪಿನಲ್ಲಾದರೆ ಬ್ರಾಕೆಟ್ಟಿನ (ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಪುಟ್ಟ ತುಂಡು) ಅಡಿ, ಅದಕ್ಕೆ ತಂತಿ ಬಿಗಿಯುವ ರಬ್ಬರ್ ಬಳೆಯ ಕೆಳಗೆ, ಇಲ್ಲವೇ ಬ್ಯಾಂಡಿನ ಅಂಚು. ಅಲ್ಲಿ ಹಲ್ಲಿನ ಪಾಚಿ ಕೂತರೆ ಆಮ್ಲಜನಕ ಒಳಗೆ ಹೋಗುವುದಿಲ್ಲ. ಒಡೆದ ಪೊರೆ ಮತ್ತೆ ಕಟ್ಟುವುದಿಲ್ಲ. ಕೆಲವೊಮ್ಮೆ ಬ್ರಾಕೆಟ್ ತೆಗೆದಾಗ ಅಡಿಯಲ್ಲಿ ಹಸಿರುಗಪ್ಪು ಕಲೆ ಸಿಗುವುದು ಹೀಗೆ.

ಬೆಸುಗೆಯದು ಇನ್ನೊಂದು ಕಥೆ. ಅದು ಸ್ಟೀಲ್ ಅಲ್ಲ. ಬೆಳ್ಳಿ, ತಾಮ್ರ, ಸತುವಿನ ಮಿಶ್ರಣ. ಎರಡು ಬೇರೆ ಲೋಹ ಒಂದಕ್ಕೊಂದು ತಾಗಿಕೊಂಡು ಉಪ್ಪುನೀರಲ್ಲಿ ಇದ್ದರೆ ಪುಟ್ಟ ಬ್ಯಾಟರಿ ಆಗುತ್ತದೆ. ಶಾಲೆಯಲ್ಲಿ ನಿಂಬೆಹಣ್ಣಿಗೆ ತಾಮ್ರ, ಸತು ಚುಚ್ಚಿ ಮಾಡಿದ್ದೇವಲ್ಲ, ಅದೇ. ಬಾಯಲ್ಲಿ ಆ ಬ್ಯಾಟರಿಗೆ ಸವೆಯುವುದು ಹೆಚ್ಚಾಗಿ ಬೆಸುಗೆ. ಅದರ ತಾಮ್ರವೂ ಸತುವೂ ನಿಧಾನವಾಗಿ ಕರಗುತ್ತವೆ. ಬೆಸುಗೆಯೇ ಬೇಡದಂತೆ ಲೇಸರಿನಲ್ಲಿ ಸೇರಿಸುವ ವಿಧಾನ ಇದೆ. ಅನುಕೂಲ ಇದ್ದರೆ ನಾನು ಅದನ್ನೇ ಆರಿಸುತ್ತೇನೆ.

ಇನ್ನು ವಿಷದ ಮಾತು. ಅಮ್ಮಂದಿರು ನಿಜಕ್ಕೂ ಹೆದರುವುದು ನಿಕ್ಕಲ್‌ಗೆ. 1983ರಲ್ಲಿ ಪ್ರಯೋಗಾಲಯದಲ್ಲಿ ಅಳೆದು ನೋಡಿದಾಗ, ಪೂರ್ತಿ ಬಾಯಿಗೆ ಹಾಕುವ ಕ್ಲಿಪ್ಪಿನಿಂದ ದಿನಕ್ಕೆ ಸುಮಾರು 40 ಮೈಕ್ರೋಗ್ರಾಂ ನಿಕ್ಕಲ್ ಹೊರಬಂದಿತ್ತು. ದೊಡ್ಡವರು ಊಟದಲ್ಲೇ ದಿನಕ್ಕೆ 200–300 ಮೈಕ್ರೋಗ್ರಾಂ ತಿನ್ನುತ್ತಾರೆ ಎಂಬ ಲೆಕ್ಕವಿದೆ. ಬೇಳೆಕಾಳು, ಗೋಡಂಬಿ, ಚಾಕೊಲೇಟ್ ಎಲ್ಲದರಲ್ಲೂ ನಿಕ್ಕಲ್ ಇದೆ. ಈ ಪ್ರಮಾಣಕ್ಕೆ ಮಗುವಿಗೆ ವಿಷವೇರುವುದಿಲ್ಲ. ನನಗೆ ಅದಕ್ಕಿಂತ ಜಾಸ್ತಿ ಚಿಂತೆ ಬೇರೆಯದು. ಬೆಸುಗೆ ಸವೆದು ಕುಣಿಕೆ ಕಳಚಿದರೆ, ಮಗು ಊಟದ ಜೊತೆ ಅದನ್ನು ನುಂಗಿಬಿಡಬಹುದು. ಇಲ್ಲವೇ ಅದು ವಸಡಿಗೆ ಚುಚ್ಚಿಕೊಂಡು ಕೂರಬಹುದು.

ಹಾಗಂತ ನಿಕ್ಕಲನ್ನು ಪೂರ್ತಿ ಮರೆಯುವಂತಿಲ್ಲ. ಅಲರ್ಜಿ ಇರುವ ಮಕ್ಕಳಿದ್ದಾರೆ, ಅವರಿಗೆ ಸ್ವಲ್ಪವೂ ಸಾಕು. ಅದಕ್ಕೇ ಹೆಣ್ಣುಮಕ್ಕಳಿಗೆ ಕ್ಲಿಪ್ ಹಾಕುವ ಮೊದಲು ನಾನು ಕೇಳುವ ಪ್ರಶ್ನೆ ಹಲ್ಲಿನದಲ್ಲ, ಕಿವಿಯದು. "ಫ್ಯಾನ್ಸಿ ಓಲೆ ಹಾಕಿದ್ರೆ ಕಿವಿ ಕೆರೆಯುತ್ತಾ? ನೀರಾಡುತ್ತಾ?" ಅಂಥ ಓಲೆಗಳಲ್ಲೂ ಹೆಚ್ಚಾಗಿ ನಿಕ್ಕಲ್ ಇರುತ್ತದೆ, ಹೌದು ಅಂದರೆ ಎಚ್ಚರವಾಗುತ್ತೇನೆ. ಫಿನ್ಲೆಂಡಿನಲ್ಲಿ 1990ರ ದಶಕದಲ್ಲಿ ಕಂಡ ಸಂಗತಿ ಇಲ್ಲಿ ನೆನಪಿಗೆ ಬರುತ್ತದೆ. ಮೊದಲು ಕ್ಲಿಪ್ ಹಾಕಿಸಿ, ಆಮೇಲೆ ಕಿವಿ ಚುಚ್ಚಿಸಿಕೊಂಡ ಹುಡುಗಿಯರಲ್ಲಿ ನಿಕ್ಕಲ್ ಅಲರ್ಜಿ ಕಡಿಮೆ ಇತ್ತು. ಬಾಯಿಯ ಮೂಲಕ ಬಂದದ್ದಕ್ಕೆ ದೇಹ ಮೊದಲೇ ಒಗ್ಗಿಕೊಂಡಿತ್ತು ಅಂತ ಕಾಣುತ್ತದೆ. ನಮ್ಮಲ್ಲಿ ಕಿವಿ ಚುಚ್ಚಿಸುವುದು ಕೂಸಿನಲ್ಲೇ. ಆ ಅನುಕೂಲ ನಮಗೆ ಸಿಗುವುದಿಲ್ಲ.

ಅಲರ್ಜಿ ಇರುವವರಿಗೆ ಟೈಟಾನಿಯಂ ಅಥವಾ ಪಿಂಗಾಣಿಯಂಥ ಬ್ರಾಕೆಟ್, ಬೀಟಾ ಟೈಟಾನಿಯಂ ತಂತಿ ಇವೆ. ನಿಕ್ಕಲ್-ಟೈಟಾನಿಯಂ ತಂತಿ ಬೇಡ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನಿಕ್ಕಲ್ಲೇ. ಇನ್ನೊಂದು ಮಾತು. ಕೆಲವು ಫ್ಲೋರೈಡ್ ಜೆಲ್ ಹುಳಿಯಾಗಿರುತ್ತವೆ. ಅವು ಟೈಟಾನಿಯಂ ಮೇಲಿನ ಪೊರೆಯನ್ನು ಕೊರೆಯುತ್ತವೆ. ಬಾಯಲ್ಲಿ ಇಂಥ ತಂತಿ ಇದ್ದರೆ ಹುಳಿಯಿಲ್ಲದ ಜೆಲ್ ಕೊಡಿ ಅಂತ ದಂತವೈದ್ಯರಿಗೆ ಹೇಳಿ. ದಿನದ ಫ್ಲೋರೈಡ್ ಪೇಸ್ಟ್ ಮಾತ್ರ ಬಿಡಬೇಡಿ, ಹುಳುಕು ತಡೆಯಲು ಅದು ಬೇಕೇ ಬೇಕು.

ಆ ಹುಡುಗ ಬ್ಯಾಂಡ್ ಹಾಕಿಸಿಕೊಂಡು ಒಂದೂವರೆ ವರ್ಷವಾಗಿತ್ತು. "ನೋವು ಅಂತ ಹೇಳಲೇ ಇಲ್ಲ, ಅದಕ್ಕೇ ತೋರಿಸಲಿಲ್ಲ" ಅಂದರು ಅಮ್ಮ. ತಪ್ಪು ಅವರದೊಬ್ಬರದೇ ಅಲ್ಲ. ನೋವಿಲ್ಲದಿದ್ದರೂ ತೋರಿಸಬೇಕು ಅಂತ ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಬ್ಯಾಂಡ್ ತೆಗೆದಾಗ ಒಳಗಿನ ಸಿಮೆಂಟ್ ಅರ್ಧ ಕರಗಿಹೋಗಿತ್ತು. ಹಲ್ಲಿನ ಮೇಲೆ ಸುಣ್ಣ ಬಳಿದಂಥ ಬಿಳಿ ಗೆರೆ ಮೂಡಿತ್ತು, ಹುಳುಕಿನ ಮೊದಲ ಗುರುತು. ಹೊಸದು ಹಾಕಿದೆ. ಹುಡುಗನ ಕೈಗೆ ಕನ್ನಡಿ ಕೊಟ್ಟು ಬೆಸುಗೆ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿದೆ. ಬ್ರಷ್ಷನ್ನು ವಸಡಿನ ಕಡೆಗೆ ಓರೆ ಹಿಡಿದು ಅಲ್ಲಿಗೇ ಮುಟ್ಟಿಸುವುದನ್ನು ಅವನಿಂದಲೇ ಮೂರು ಸಲ ಮಾಡಿಸಿದೆ. ಅಮ್ಮನ ಫೋನಿನಲ್ಲಿ ಮೂರು ತಿಂಗಳ ನಂತರದ ತಾರೀಕಿಗೆ ಅಲಾರಂ ಇಟ್ಟು ಕಳಿಸಿದೆ.