ಅಳಿಸುವ ಮುಂಚೆ, ಇದು ಯಾವ ಡ್ರೈವ್?

ಒಂದು ಶನಿವಾರ ಸಂಜೆ ಕಚೇರಿಯೊಂದರಿಂದ ಫೋನ್ ಬಂತು. "ಸರ್, ಖಾಲಿ ಇದ್ದ ವರ್ಚುವಲ್ ಡ್ರೈವ್ ಡಿಲೀಟ್ ಮಾಡಿದೆ. ಬಿಲ್ಲಿಂಗ್ ಡೇಟಾ ಕಾಣಿಸ್ತಾ ಇಲ್ಲ." ಹುಡುಗನ ದನಿ ನಡುಗುತ್ತಿತ್ತು. "ಏನನ್ನೂ ಮುಟ್ಟಬೇಡಪ್ಪ. ಹೊಸದಾಗಿ ಏನೂ ಮಾಡಬೇಡ. ಬರ್ತಾ ಇದ್ದೀನಿ" ಅಂದೆ.

ಅಲ್ಲಿದ್ದದ್ದು ಮೆಗಾರೇಡ್ ಕಾರ್ಡ್, ಅಂದರೆ ಹಲವು ಡಿಸ್ಕುಗಳನ್ನು ಸೇರಿಸಿ (ಇದಕ್ಕೆ ರೇಡ್ ಅಂತ ಹೆಸರು) ಒಂದೇ ಡ್ರೈವ್‌ನಂತೆ ತೋರಿಸುವ ಕಂಟ್ರೋಲರ್. ಹಾಗೆ ಕಾಣುವುದೇ ವರ್ಚುವಲ್ ಡ್ರೈವ್. ಅದನ್ನು ನಡೆಸುವ ಕಮಾಂಡ್ ಸ್ಟೋರ್‌ಸಿಎಲ್‌ಐ. ಡೆಲ್ ಸರ್ವರ್ ಬಳಸುವವರಿಗೆ ಇದೇ ಪರ್ಕ್‌ಸಿಎಲ್‌ಐ ಅನ್ನುವ ಹೆಸರಿನಲ್ಲಿ ಸಿಗುತ್ತದೆ. ವ್ಯಾಕರಣ ಹೆಚ್ಚುಕಮ್ಮಿ ಒಂದೇ. /ಸಿ0 ಅಂದರೆ ಮೊದಲ ಕಂಟ್ರೋಲರ್. /ಸಿ0/ವಿ1 ಅಂದರೆ ಅದರ ಮೇಲಿನ 1ನೇ ನಂಬರಿನ ವರ್ಚುವಲ್ ಡ್ರೈವ್. /ಸಿ0/ಇ252/ಎಸ್4 ಅಂದರೆ 252ನೇ ಎನ್‌ಕ್ಲೋಷರ್‌ನ (ಡಿಸ್ಕ್ ಕೂರಿಸುವ ಗೂಡಿನ) 4ನೇ ಸ್ಲಾಟಿನ ಡಿಸ್ಕ್. ಕೊನೆಗೆ ಶೋ, ಸೆಟ್, ಆಡ್, ಡೆಲ್ (ಅಳಿಸು) ಅಂತ ಒಂದು ಕ್ರಿಯಾಪದ. ಕಲಿಯೋದು ಸುಲಭ. ನಂಬರ್ ತಪ್ಪಿದರೂ ಅಷ್ಟೇ ಸುಲಭವಾಗಿ ಕೆಲಸ ಮಾಡಿಬಿಡುತ್ತದೆ, ಭಯ ಅದೇ.

ಆ ಸರ್ವರ್‌ನಲ್ಲಿ ಮೂರು ವರ್ಚುವಲ್ ಡ್ರೈವ್ ಇದ್ದವು. ವಿ0ದಲ್ಲಿ ಆಪರೇಟಿಂಗ್ ಸಿಸ್ಟಮ್, ವಿ1 ಖಾಲಿ, ವಿ2ರಲ್ಲಿ ಬಿಲ್ಲಿಂಗ್. ಲಿನಕ್ಸ್‌ನಲ್ಲಿ ಖಾಲಿ ಡ್ರೈವ್ ಎಸ್‌ಡಿಸಿ ಅಂತ ಕಾಣಿಸುತ್ತಿತ್ತು. ಎಸ್‌ಡಿಎ ಸೊನ್ನೆ, ಎಸ್‌ಡಿಬಿ ಒಂದು, ಎಸ್‌ಡಿಸಿ ಎರಡು ಅಂತ ಹುಡುಗ ಲೆಕ್ಕ ಹಾಕಿದ. ಆದರೆ ಯಾರೋ ಒಂದು ಯುಎಸ್‌ಬಿ ಡ್ರೈವ್ ಚುಚ್ಚಿಟ್ಟಿದ್ದರು. ಎಸ್‌ಡಿಎ ಅದಾಗಿತ್ತು. ಉಳಿದದ್ದೆಲ್ಲ ಒಂದೊಂದು ಮನೆ ಮುಂದಕ್ಕೆ ಸರಿದಿತ್ತು.

ಕಂಟ್ರೋಲರ್ ಒಮ್ಮೆ ತಡೆಯಿತು. ಡೇಟಾ ಇರುವ ಹಾಗಿದೆ, ಬೇಕಿದ್ದರೆ ಫೋರ್ಸ್ ಸೇರಿಸು ಅಂದಿತು. ಆದರೆ ಪಾರ್ಟಿಷನ್ ಟೇಬಲ್ (ಡ್ರೈವ್ ಹೇಗೆ ಭಾಗವಾಗಿದೆ ಅನ್ನುವ ಪಟ್ಟಿ) ಇದ್ದರೆ ಸಾಕು, ಖಾಲಿ ಡ್ರೈವ್‌ಗೂ ಅದು ಹಾಗೇ ಅನ್ನುತ್ತದೆ. ಖಾಲಿಯದನ್ನು ಹಿಂದೆ ಫಾರ್ಮ್ಯಾಟ್ ಮಾಡಿದ್ದರಿಂದ ಹುಡುಗನಿಗೆ ಈ ಎಚ್ಚರಿಕೆ ಸಹಜ ಅನ್ನಿಸಿತು. ಫೋರ್ಸ್ ಒತ್ತಿದ. ವಿ1ರ ಬದಲು ವಿ2 ಹೋಯಿತು. ಇದನ್ನು ಬರೀ ಅಜಾಗರೂಕತೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಅವನು ಯೋಚಿಸಿಯೇ ಮಾಡಿದ್ದ. ಎರಡು ಕಡೆಯ ನಂಬರ್ ಒಂದೇ ಅಂತ ನಂಬಿದ್ದು ಮಾತ್ರ ತಪ್ಪು.

ನಂಬಬೇಕಾದದ್ದು ಬೇರೆ ಇದೆ. '/ಸಿ0/ವಿ1 ಶೋ ಆಲ್' ಕೊಡಿ. ಅದರ ಕೊನೆಯ ಭಾಗದಲ್ಲಿ ಎಸ್‌ಸಿಎಸ್‌ಐ ಎನ್‌ಎಎ ಐಡಿ ಅಂತ ಒಂದು ಉದ್ದನೆಯ ಗುರುತು ಇರುತ್ತದೆ. ಲಿನಕ್ಸ್‌ನ /ಡೆವ್/ಡಿಸ್ಕ್/ಬೈ-ಐಡಿ ಫೋಲ್ಡರ್‌ನಲ್ಲಿ ಅದೇ ಗುರುತು ಡಬ್ಲ್ಯುಡಬ್ಲ್ಯುಎನ್ ಹೆಸರಿನ ಜೊತೆ ಸಿಗುತ್ತದೆ. ಎರಡನ್ನೂ ಅಕ್ಷರ ಅಕ್ಷರ ಹೋಲಿಸಿ. ಗಾತ್ರ ನೋಡಿ ಗುರುತಿಸುತ್ತೇನೆ ಅನ್ನಬೇಡಿ, ಒಂದೇ ಗಾತ್ರದವು ಎರಡು ಇರುತ್ತವೆ. ಡ್ರೈವ್ ಮಾಡುವಾಗಲೇ ಹೆಸರು ಇಟ್ಟುಬಿಟ್ಟರೆ ಇನ್ನೂ ಒಳ್ಳೆಯದು. 'ಸೆಟ್ ನೇಮ್=ಬಿಲ್ಲಿಂಗ್' ಅನ್ನೋಕೆ ಎಷ್ಟು ಹೊತ್ತು ಬೇಕು, ಅಲ್ವಾ?

ಇನ್ನು ಆ ಡೇಟಾ. 'ಡೆಲ್' ಅನ್ನುವ ಅಳಿಸುವ ಕಮಾಂಡ್ ಕೊಟ್ಟಾಗ ಕಂಟ್ರೋಲರ್ ಅಳಿಸುವುದು ಡಿಸ್ಕುಗಳ ಜೋಡಣೆಯ ದಾಖಲೆಯನ್ನು. ಒಳಗಿನ ಡೇಟಾ ಅಲ್ಲೇ ಇರುತ್ತದೆ. ಅದೇ ರೇಡ್ ಮಟ್ಟ (ಡಿಸ್ಕುಗಳನ್ನು ಜೋಡಿಸುವ ವಿಧ), ಅದೇ ಸ್ಟ್ರಿಪ್ ಗಾತ್ರ (ಒಂದು ಡಿಸ್ಕಿಗೆ ಒಮ್ಮೆಗೆ ಬರೆಯುವ ತುಂಡಿನ ಅಳತೆ), ಅದೇ ಡಿಸ್ಕುಗಳು ಅದೇ ಸಾಲಿನಲ್ಲಿ ಇಟ್ಟು ಮತ್ತೆ ಕಟ್ಟಿದರೆ ವಾಪಸ್ ಬರುವ ಸಾಧ್ಯತೆ ಇದೆ. ಇನಿಶಿಯಲೈಸ್ ಮಾತ್ರ ಮಾಡಲೇಬಾರದು. ಫಾಸ್ಟ್ ಇನಿಟ್ ಕೂಡ ಡ್ರೈವ್‌ನ ಆರಂಭದ ಭಾಗಕ್ಕೆ ಸೊನ್ನೆ ಬರೆಯುತ್ತದೆ.

ಪುಣ್ಯಕ್ಕೆ ಆರು ತಿಂಗಳ ಹಿಂದೆ '/ಸಿ0 ಶೋ ಆಲ್' ಮತ್ತು '/ಸಿ0/ವಿಆಲ್ ಶೋ ಆಲ್' ಎರಡರ ಉತ್ತರವನ್ನೂ ಫೈಲಿನಲ್ಲಿ ಉಳಿಸಿದ್ದೆ. ರೇಡ್ 5, ನಾಲ್ಕು ಡಿಸ್ಕ್, ಸ್ಟ್ರಿಪ್ 64 ಕೆಬಿ. ಕಾರ್ಡಿನ ಡಿಫಾಲ್ಟ್ 256 ಇತ್ತು. ಸುಮ್ನೆ ಡಿಫಾಲ್ಟ್ ಬಿಟ್ಟಿದ್ದರೆ ಬರೀ ಕಸ ಕಾಣಿಸುತ್ತಿತ್ತು. ಆ ಫೈಲಿನ ಟೋಪಾಲಜಿ (ಜೋಡಣೆ) ಪಟ್ಟಿಯ ರೋ ಕಾಲಮ್ಮಿನಲ್ಲಿ ಡಿಸ್ಕುಗಳ ಸಾಲು ನೋಡಿಕೊಂಡೆ. ಹಿಂದೆಂದೋ ಹಾಟ್ ಸ್ಪೇರ್ (ಕೆಟ್ಟ ಡಿಸ್ಕಿನ ಜಾಗಕ್ಕೆ ಬರುವ ಮೀಸಲು ಡಿಸ್ಕ್) ಒಳಗೆ ಬಂದಿದ್ದರೆ ಸ್ಲಾಟಿನ ಸಾಲೂ ಅರೇಯ (ಡಿಸ್ಕ್ ಗುಂಪಿನ) ಸಾಲೂ ಬೇರೆ ಬೇರೆ ಇರುತ್ತವೆ. ನಮ್ಮದು ನೇರವಾಗಿತ್ತು. 'ಆಡ್ ವಿಡಿ ಟೈಪ್=ರೇಡ್5 ಡ್ರೈವ್ಸ್=252:4-7 ಸ್ಟ್ರಿಪ್=64' ಕೊಟ್ಟೆ. ರೀಡ್-ಓನ್ಲಿ ಆಗಿ, ಅಂದರೆ ಓದಲು ಮಾತ್ರ ಬರುವ ಹಾಗೆ, ಮೌಂಟ್ ಮಾಡಿದೆ. ಫೋಲ್ಡರ್‌ಗಳು ಒಂದೊಂದೇ ಕಾಣಿಸಿದವು. ಎಲ್ಲಕ್ಕಿಂತ ಮೊದಲು ಬೇರೆ ಡಿಸ್ಕಿಗೆ ಕಾಪಿ ಹಾಕಿದೆವು.

ಆ ಫೈಲ್ ಇರಲಿಲ್ಲ ಅಂದಿದ್ದರೆ ಊಹೆ ಮಾಡುತ್ತಾ ಕೂರಬೇಕಿತ್ತು. ಈಗ ನಾನು ನೋಡಿಕೊಳ್ಳುವ ಪ್ರತಿ ಸರ್ವರ್‌ನಲ್ಲೂ ವಾರಕ್ಕೊಮ್ಮೆ ಆ ಎರಡೂ ಉತ್ತರ ತಾನಾಗಿಯೇ ಇನ್ನೊಂದು ಮೆಷಿನ್‌ಗೆ ಹೋಗುತ್ತವೆ. ಅದೇ ಸರ್ವರ್‌ನೊಳಗೆ ಇಟ್ಟರೆ ಪ್ರಯೋಜನವಿಲ್ಲ.

ಹೊರಡುವ ಮುಂಚೆ ಕಣ್ಣಿಗೆ ಬಿದ್ದ ಇನ್ನೊಂದು ವಿಷಯ: ರೈಟ್ ಕ್ಯಾಶ್ (ಡಿಸ್ಕಿಗೆ ಹೋಗುವ ಮುಂಚೆ ಡೇಟಾ ನಿಲ್ಲುವ ಕಾರ್ಡಿನ ಮೆಮೊರಿ) 'ಎಡಬ್ಲ್ಯುಬಿ'ಯಲ್ಲಿತ್ತು. ಅಂದರೆ ಕಾರ್ಡಿನ ಬ್ಯಾಟರಿ ಸತ್ತಿದ್ದರೂ ಬರೆದದ್ದನ್ನು ಮೊದಲು ಕ್ಯಾಶ್‌ನಲ್ಲೇ ಇಟ್ಟುಕೊಳ್ಳುವುದು. ವೇಗ ಜಾಸ್ತಿ, ನಿಜ. ಆದರೆ ಕರೆಂಟ್ ಹೋದರೆ ಕ್ಯಾಶ್‌ನಲ್ಲಿದ್ದದ್ದು ಹೋಯಿತು. '/ಸಿ0/ಸಿವಿ ಶೋ' ಕೊಟ್ಟು ಕರೆಂಟ್ ಹೋದಾಗ ಕ್ಯಾಶ್ ಉಳಿಸುವ ಬ್ಯಾಕಪ್ ಘಟಕದ ಸ್ಥಿತಿ ನೋಡಿದೆ. 'ಸೆಟ್ ಡಬ್ಲ್ಯುಆರ್‌ಕ್ಯಾಶ್=ಡಬ್ಲ್ಯುಬಿ' ಕೊಟ್ಟು ಬಂದೆ. ಇದರಲ್ಲಿ ಬ್ಯಾಕಪ್ ಕೈಕೊಟ್ಟರೆ ಕಾರ್ಡ್ ತಾನೇ ರೈಟ್ ಥ್ರೂಗೆ, ಅಂದರೆ ನೇರವಾಗಿ ಡಿಸ್ಕಿಗೆ ಬರೆಯುವ ರೀತಿಗೆ, ಹೋಗುತ್ತದೆ.

ಖಾಲಿ ಇದ್ದ ವಿ1ನ್ನು ಸೋಮವಾರ ಆ ಹುಡುಗನ ಕೈಯಿಂದಲೇ ಅಳಿಸಿಸಿದೆ. ಐಡಿಯನ್ನು ಅವನು ಗಟ್ಟಿಯಾಗಿ ಓದಿದ, ನಾನು ಇನ್ನೊಂದು ಪರದೆಯಲ್ಲಿ ಬೆರಳಿಟ್ಟು ನೋಡಿದೆ.