ಶೀಟಿನ ಮೇಲೆ ಮಳೆ, ತಲೆಯ ಬಳಿ ಅಯಸ್ಕಾಂತ

ಕಕ್ಕಡ ಮಾಸದ ಮಳೆ ಶೀಟಿನ ಮೇಲೆ ಬಿರುಸಾದರೆ ಸಾಕು, ನಮ್ಮ ಚಿಕ್ಕಮ್ಮ ಎದ್ದು ಬಾಗಿಲ ಬಳಿ ಕೂರುತ್ತಾರೆ. ಕಾಲಲ್ಲಿ ಚಪ್ಪಲಿ, ಮಡಿಲಲ್ಲಿ ಟಾರ್ಚು. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರಿನ ಕಡೆ ಗುಡ್ಡದ ಬರೆ ಕುಸಿದಾಗ ಅವರ ಕಾಫಿ ತೋಟದ ಅರ್ಧ ಕಣ್ಣೆದುರೇ ಜಾರಿಹೋಯಿತು. ಜೀವ ಉಳಿಯಿತು, ಬೇರೆ ಮನೆಯೂ ಆಯಿತು. ನಿದ್ದೆ ಮಾತ್ರ ಮರಳಲಿಲ್ಲ.

ಇದು ಪುಕ್ಕಲುತನವಲ್ಲ, ದೊಡ್ಡ ಆಘಾತದ ನಂತರ ಮನಸ್ಸನ್ನು ಕಾಡುವ ಪಿಟಿಎಸ್‌ಡಿ ಎಂಬ ಕಾಯಿಲೆಯ ಲಕ್ಷಣ. ಮೊದಲ ಮಹಾಯುದ್ಧದ ಸೈನಿಕರಲ್ಲಿ ಇಂಥದ್ದನ್ನು ಕಂಡು ‘ಶೆಲ್ ಶಾಕ್’ ಎಂದರು. ಈಗಿನ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ. ಮನೆಗೊಬ್ಬರಂತೆ ಸೈನ್ಯಕ್ಕೆ ಕಳಿಸಿದ ಕೊಡಗಿನಲ್ಲೂ ಇದರ ಬಗ್ಗೆ ಬಾಯಿಬಿಟ್ಟು ಮಾತಾಡಿದ್ದು ಕಡಿಮೆ.

ಮಿದುಳಿನ ಒಳಗೆ ಬಾದಾಮಿ ಆಕಾರದ ಅಮಿಗ್ಡಲಾ ಇದೆ. ಅಪಾಯ ಕಂಡಾಗ ಕೂಗಿ ಎಬ್ಬಿಸುವುದು ಅದರ ಕೆಲಸ. ‘ಇದು ಬರೀ ಮಳೆ, ಮಲಗು’ ಎಂದು ಅದನ್ನು ಸಮಾಧಾನಪಡಿಸುವುದರಲ್ಲಿ ಹಣೆಯ ಹಿಂದಿನ ಭಾಗಕ್ಕೆ ದೊಡ್ಡ ಪಾತ್ರವಿದೆ. ಪಿಟಿಎಸ್‌ಡಿಯಲ್ಲಿ ಈ ಸಮಾಧಾನದ ಮಾತು ಅಮಿಗ್ಡಲಾಕ್ಕೆ ಸರಿಯಾಗಿ ತಲುಪುವುದಿಲ್ಲ.

ಅಯಸ್ಕಾಂತ ಬರುವುದು ಇಲ್ಲಿ. ಬದಲಾಗುತ್ತಿರುವ ಕಾಂತಕ್ಷೇತ್ರ ವಿದ್ಯುತ್ತನ್ನು ಹುಟ್ಟಿಸುತ್ತದೆಂದು ಫ್ಯಾರಡೆ 1831ರಲ್ಲೇ ತೋರಿಸಿದ್ದರು. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ತಲೆಯ ಮೇಲೆ ತಂತಿಯ ಸುರುಳಿ ಹಿಡಿದು ಕಾಂತಮಿಡಿತ ಕೊಟ್ಟರು. ಕೂತವರ ಕೈ ತಾನಾಗಿ ಅದುರಿತು! ತಲೆಬುರುಡೆ ತೆರೆಯದೆ ನರಕೋಶಗಳನ್ನು ಮುಟ್ಟಿದ್ದರು. ಇದೇ ಟಿಎಂಎಸ್; ಮುಂದೆ ಇದು ಚಿಕಿತ್ಸೆಯೂ ಆಯಿತು.

ಇಂದೂ ಚಿಕಿತ್ಸೆಗೆ ಮೊದಲು ಹೆಬ್ಬೆರಳು ಅದುರುವಷ್ಟು ಶಕ್ತಿ ಎಷ್ಟೆಂದು ನೋಡಿಯೇ ಪ್ರಮಾಣ ಗೊತ್ತುಮಾಡುತ್ತಾರೆ. ಸಾಮಾನ್ಯ ಸುರುಳಿಯ ಪ್ರಭಾವ ಎರಡು-ಮೂರು ಸೆಂಟಿಮೀಟರ್ ಆಳದವರೆಗೆ ಮಾತ್ರ. ಆಳದ ಅಮಿಗ್ಡಲಾವನ್ನು ಅದು ನೇರವಾಗಿ ಮುಟ್ಟಲಾರದು; ಹಣೆಯ ಹಿಂದಿನ ಭಾಗವನ್ನು ಹಿಡಿದು, ಅಲ್ಲಿಂದ ಒಳಕ್ಕೆ ಹೋಗುವ ನರಜಾಲದ ಮೂಲಕವೇ ಕೆಲಸ ಮಾಡಬೇಕು. ಪಿಟಿಎಸ್‌ಡಿಗೆ ಹೆಚ್ಚಾಗಿ ಬಲಗಡೆ ಮಿಡಿತ ಕೊಟ್ಟು ನೋಡಿದ್ದಾರೆ.

‘ತಲೆಗೆ ಕರೆಂಟ್ ಕೊಡ್ತಾರಂತೆ’ ಎಂದು ಹೆದರಬೇಡಿ. ಇದು ಅರಿವಳಿಕೆ ಕೊಟ್ಟು ಮಾಡುವ ಶಾಕ್ ಚಿಕಿತ್ಸೆಯಲ್ಲ. ಎಚ್ಚರವಾಗಿಯೇ ಕುರ್ಚಿಯಲ್ಲಿ ಕೂತಿರುತ್ತೀರಿ. ಟಕ್ ಟಕ್ ಸದ್ದು ಜೋರು, ಅದಕ್ಕೆ ಕಿವಿಗೆ ಬಿರಡೆ. ಸದ್ದಿಗೇ ಬೆಚ್ಚುವವರಿಗೆ ಇದನ್ನು ಮೊದಲೇ ಹೇಳಬೇಕು. ತಲೆನೋವು ಬರಬಹುದು, ಅಪರೂಪಕ್ಕೆ ಫಿಟ್ಸ್. ತಲೆಯೊಳಗೆ ಲೋಹದ ಸಾಧನ ಇದ್ದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದನ್ನು ಖಿನ್ನತೆಗೆ ಒಪ್ಪಿದ್ದು 2008ರಲ್ಲಿ, ಗೀಳುರೋಗಕ್ಕೆ 2018ರಲ್ಲಿ. ಪಿಟಿಎಸ್‌ಡಿಯಲ್ಲಿ ಕೆಲವು ಅಧ್ಯಯನಗಳು ಭರವಸೆ ತಂದಿವೆ, ಕೆಲವು ನಿರಾಸೆ. ಹಾಗಾಗಿ ಆಘಾತದ ನೆನಪನ್ನೇ ಎದುರಿಟ್ಟು ಮಾತಿನಲ್ಲಿ ನಡೆಸುವ ಆಪ್ತಚಿಕಿತ್ಸೆಗೇ ಮೊದಲ ಸ್ಥಾನ ಸಲ್ಲಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ನನ್ನನ್ನು ಕಾಡುವುದು ದಾರಿ. ವಾರಕ್ಕೆ ಐದು ದಿನ, ನಾಲ್ಕರಿಂದ ಆರು ವಾರ. ಬೆಂಗಳೂರಿನ ನಿಮ್ಹಾನ್ಸ್ ಮಡಿಕೇರಿಯಿಂದ ಸುಮಾರು 250 ಕಿಲೋಮೀಟರ್. ತೋಟದ ಲೈನ್ ಮನೆಯಲ್ಲಿದ್ದು ದಿನಗೂಲಿ ಮಾಡುವವರು ಅಷ್ಟು ದಿನ ಎಲ್ಲಿ ಉಳಿಯಬೇಕು? ಸದ್ಯಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ; ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮೊದಲು ಅಲ್ಲಿಗಾದರೂ ಫೋನ್ ಮಾಡಿ.

ಇದನ್ನೆಲ್ಲ ಚಿಕ್ಕಮ್ಮನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ: “ಹಳೇದೆಲ್ಲ ಅಳಿಸಿಬಿಡ್ತದಾ? ಅಂಗಳದ ಕಿತ್ತಳೆ ಮರ ಮರೆತುಹೋಗೋದು ಬೇಡ ನಂಗೆ.”

ಇಲ್ಲ ಚಿಕ್ಕಮ್ಮ, ನೆನಪು ಅಳಿಸೋದಲ್ಲ ಇದು ಎಂದೆ.

“ಹಾಗಾದ್ರೆ ಆ ನಂಬರ್ ಬರೆದುಕೊಡು,” ಎಂದು ಕ್ಯಾಲೆಂಡರ್ ಮುಂದೆ ಮಾಡಿದರು.