ಗೊಡ್ಡು ಅನ್ನುವ ಮುನ್ನ

"ಸಾಹೇಬ್ರ, ಇದು ಗೊಡ್ಡ ಬಿದ್ದೈತ್ರಿ."

ಹಾವೇರಿ ಕಡೆ 20 ವರ್ಷದಿಂದ ದನದ ಡಾಕ್ಟರಾಗಿರುವ ನಾನು ಎಲ್ಲಕ್ಕಿಂತ ಜಾಸ್ತಿ ಕೇಳಿದ ಮಾತು ಇದೇ ಇರಬೇಕು. ಹೇಳುವವರ ಬಾಯಲ್ಲಿ ಒಂದೇ ಪದ, ಒಳಗೆ ಬೇರೆ ಬೇರೆ ಕಥೆ. ಒಬ್ಬರ ಆಕಳು ಹಾಲು ಬತ್ತಿಸಿದೆ, ಅಷ್ಟೇ. ಇನ್ನೊಬ್ಬರ ಮಣಕಕ್ಕೆ ಮೂರು ವರ್ಷವಾದರೂ ಬೆದೆ ಕಂಡಿಲ್ಲ. ಮತ್ತೊಬ್ಬರದು ತಪ್ಪದೆ ಬೆದೆಗೆ ಬರುತ್ತದೆ, ಸೂಜಿ (ಕೃತಕ ಗರ್ಭಧಾರಣೆ) ಹಾಕಿಸಿದರೆ ಗಬ್ಬ ನಿಲ್ಲುವುದಿಲ್ಲ. ಎಲ್ಲದಕ್ಕೂ ಹೆಸರು ಗೊಡ್ಡು.

ಬಂಜೆ ಅನ್ನುವ ಪದ ಸಂಸ್ಕೃತದ ವಂಧ್ಯಾದಿಂದ ಬಂದದ್ದು. ಗೊಡ್ಡು ಹಾಗಲ್ಲ, ಅದು ದ್ರಾವಿಡ ಮನೆತನದ ಪದ. ಬೀದರ್‌ನಲ್ಲಿ ಪಶುವೈದ್ಯ ಓದುವಾಗ ತೆಲುಗು ಗೆಳೆಯನೊಬ್ಬ ಚೆನ್ನಾಗಿ ಹಾಲು ಕೊಡುತ್ತಿದ್ದ ಎಮ್ಮೆಗಳನ್ನು ತೋರಿಸಿ "ಗೊಡ್ಲು" ಅಂದ. ನನಗೆ ಅರ್ಥವೇ ಆಗಲಿಲ್ಲ. ತೆಲುಗಿನಲ್ಲಿ ಗೊಡ್ಡು ಅಂದರೆ ದನ ಎಂದು ಆಮೇಲೆ ಗೊತ್ತಾಯಿತು. ಫಲವಿಲ್ಲದ್ದು ಅನ್ನುವ ಅರ್ಥವೂ ಅಲ್ಲಿದೆ, ಮಕ್ಕಳಾಗದ ಹೆಂಗಸನ್ನು ಗೊಡ್ರಾಲು ಅನ್ನುತ್ತಾರೆ. ನಮ್ಮಲ್ಲಿ ಎರಡನೇ ಅರ್ಥವೇ ಗಟ್ಟಿಯಾಗಿ, ಕೊಟ್ಟಿಗೆ ದಾಟಿ ಊರೆಲ್ಲ ಓಡಾಡುತ್ತದೆ. ಕಾಯಿ ಬಿಡದ ಮರ ಗೊಡ್ಡು ಮರ. ಕೆಲಸಕ್ಕೆ ಬಾರದ ಹರಟೆ, ಹುರುಳಿಲ್ಲದ ಬೆದರಿಕೆ, ಯಾಕೆ ಮಾಡುತ್ತೇವೆಂದು ಮರೆತುಹೋದ ಸಂಪ್ರದಾಯ, ಇವೆಲ್ಲ ಗೊಡ್ಡೇ. ಬೇಳೆ ಕಾಣದ ಸಾರು ಗೊಡ್ಡು ಸಾರು. ಅಲ್ಲಿ ಮಾತ್ರ ಈ ಪದಕ್ಕೆ ಪ್ರೀತಿ ಅಂಟಿಕೊಂಡಿದೆ. ಜ್ವರ ಬಿಟ್ಟ ದಿನ ಬಿಸಿ ಅನ್ನದ ಮೇಲೆ ಗೊಡ್ಡು ಸಾರು ಬಿಟ್ಟುಕೊಂಡು ಉಂಡವರಿಗೆ ಗೊತ್ತು, ಅಲ್ವಾ?

ದನದ ವಿಷಯದಲ್ಲಿ ಅಂಥ ಪ್ರೀತಿ ಇಲ್ಲ. ಗೊಡ್ಡು ಅಂದ ಮರುದಿನದಿಂದ ಹಿಂಡಿ ಬಂದ್ ಆಗುತ್ತದೆ. ಹಸಿಮೇವು ಹಾಲು ಕೊಡುವವುಗಳ ಪಾಲಾಗುತ್ತದೆ. ಹೊಟ್ಟೆಗೆ ಕಡಿಮೆಯಾದರೆ ಇದ್ದ ಬೆದೆಯೂ ನಿಲ್ಲುತ್ತದೆ. ಸುಮ್ನೆ ಆಡಿದ ಮಾತು ನಿಜವಾಗಿಬಿಡುತ್ತದೆ.

ಹೆಚ್ಚು ಮೋಸವಾಗುವುದು ಎಮ್ಮೆಗೆ. ನಮ್ಮ ಧಾರವಾಡಿ ಎಮ್ಮೆಗೆ 2021ರಲ್ಲಿ ಬೇರೆಯೇ ತಳಿ ಎಂಬ ರಾಷ್ಟ್ರಮಟ್ಟದ ಮಾನ್ಯತೆ ಸಿಕ್ಕಿತು. ಧಾರವಾಡ ಪೇಡೆಯ ರುಚಿಯಲ್ಲಿ ಅದರ ಹಾಲಿನ ಪಾಲೂ ಇದೆ. ಆದರೆ ಅದರ ಬೆದೆ ಹಿಡಿಯುವುದು ಕಷ್ಟ. ಆಕಳು ಕೂಗುತ್ತದೆ, ಬೇರೆ ದನದ ಮೇಲೆ ಹಾರುತ್ತದೆ, ಓಣಿಗೆಲ್ಲ ಗೊತ್ತಾಗುತ್ತದೆ. ಎಮ್ಮೆ ಅಷ್ಟು ತೋರಿಸಿಕೊಳ್ಳುವುದಿಲ್ಲ. ಬೇಸಿಗೆಯಲ್ಲಂತೂ ರಾತ್ರಿಯೋ ನಸುಕಿನಲ್ಲೋ ಬೆದೆ ಬಂದು ಹೋಗಿರುತ್ತದೆ, ಮನೆಯವರು ಮಲಗಿರುತ್ತಾರೆ. ಹಾಗಾಗಿ ನಸುಕಿನಲ್ಲಿ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ ಕೊಟ್ಟಿಗೆಗೆ ಹೋಗಿ ಬನ್ನಿ. ಪದೇ ಪದೇ ಸ್ವಲ್ಪ ಸ್ವಲ್ಪ ಉಚ್ಚೆ ಹೊಯ್ಯುತ್ತಿದೆಯೇ? ಎಮ್ಮೆ ಮಲಗಿದ ಜಾಗದಲ್ಲಿ ಗಾಜಿನಂಥ ಲೋಳೆ ಬಿದ್ದಿದೆಯೇ? ಕಂಡ ದಿನವನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಸುಮಾರು 21 ದಿನಕ್ಕೆ ಮತ್ತೆ ಬರುತ್ತದೆ.

ಸೂಜಿಗೂ ಹೊತ್ತು ಇದೆ. ಬೆದೆ ಮುಗಿದು 10-12 ತಾಸಿನ ಮೇಲೆ ಅಂಡ ಹೊರಬೀಳುತ್ತದೆ. ಅದಕ್ಕೇ ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಕರೆಸಬೇಕು. ವರ್ಷವಿಡೀ ಬರೀ ಕಣಕಿ, ಗೋವಿನಜೋಳದ ದಂಟು ತಿನ್ನುವ ದನಕ್ಕೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣವೂ ಬೇಕು. ಮೂರು ಸಲ ಸೂಜಿ ಹಾಕಿಸಿಯೂ ನಿಲ್ಲದಿದ್ದರೆ ನಾವು ಅದನ್ನು ರಿಪೀಟ್ ಬ್ರೀಡರ್ ಅನ್ನುತ್ತೇವೆ. ಹಳ್ಳಿಯಲ್ಲಿ "ತಿರುಗಿ ಬಂತು" ಅನ್ನುತ್ತಾರೆ, ಅದೇ ಒಳ್ಳೆಯ ಮಾತು. ಗರ್ಭಕೋಶದ ಸೋಂಕು ಇರಬಹುದು, ಹೊತ್ತು ತಪ್ಪಿರಬಹುದು. ಎರಡಕ್ಕೂ ದಾರಿ ಇದೆ.

ಹುಟ್ಟಾ ಗೊಡ್ಡು ಅನ್ನಬಹುದಾದದ್ದೂ ಒಂದಿದೆ. ಆಕಳು ಅವಳಿ ಈದು, ಒಂದು ಹೋರಿಗರು ಇನ್ನೊಂದು ಹೆಣ್ಣುಗರು ಆದರೆ, ಆ ಹೆಣ್ಣುಗರು 100ಕ್ಕೆ 90ಕ್ಕಿಂತ ಜಾಸ್ತಿ ಸಲ ಗಬ್ಬವಾಗುವುದೇ ಇಲ್ಲ. ಹೊಟ್ಟೆಯೊಳಗೆ ಎರಡರ ಮಾಸಿನ ರಕ್ತನಾಳಗಳು ಕೂಡಿಕೊಂಡು, ಗಂಡಿನ ಹಾರ್ಮೋನು ಹೆಣ್ಣಿಗೂ ಹರಿದು, ಅದರ ಗರ್ಭಕೋಶ ಸರಿಯಾಗಿ ಬೆಳೆಯುವುದಿಲ್ಲ. ಫ್ರೀಮಾರ್ಟಿನ್ ಅನ್ನುವ ಇದನ್ನು ಜಾನ್ ಹಂಟರ್ ಎಂಬ ವೈದ್ಯ 1779ರಲ್ಲೇ ವಿವರಿಸಿದ್ದ. ಇಂಥ ಕರುವನ್ನು ಚಿಕ್ಕದಿರುವಾಗಲೇ ತೋರಿಸಿ. ಮೂರು ವರ್ಷ ಮೇಯಿಸಿ ಆಮೇಲೆ ಕಣ್ಣೀರು ಹಾಕಿದವರನ್ನು ನಾನು ನೋಡಿದ್ದೇನೆ.

ಇನ್ನೊಂದು ಮಾತು. ಒಂದು ಮನೆಯ ಅಂಗಳದಲ್ಲಿ ಆಕಳ ಹಗ್ಗ ಹಿಡಿದಿದ್ದ ಹಿರಿಯರು ಜೋರು ದನಿಯಲ್ಲಿ ಅದೇ ಪದ ಅಂದರು. ನನಗೆ ಕೈ ತೊಳೆಯಲು ನೀರು ತಂದಿದ್ದ ಸೊಸೆ ಬಕೆಟ್ ಅಲ್ಲೇ ಇಟ್ಟು ಒಳಗೆ ಹೋದಳು. ಸೋಪು ತಂದುಕೊಟ್ಟಿದ್ದು ಅತ್ತೆ. ಅವರೇ ತಗ್ಗಿದ ದನಿಯಲ್ಲಿ ಹೇಳಿದರು, ಮದುವೆಯಾಗಿ ಆರು ವರ್ಷವಂತೆ, ಮಕ್ಕಳಿಲ್ಲವಂತೆ. ಅಂದಿನಿಂದ ನಾನು ಎಲ್ಲರನ್ನೂ ಕೇಳಿಕೊಳ್ಳುತ್ತೇನೆ: "ಗಬ್ಬ ನಿಂತಿಲ್ಲ" ಅಂತ ಹೇಳಿ. ಯಾರ ಎದೆಗೂ ಚುಚ್ಚುವುದಿಲ್ಲ. ನನಗೂ ಮುಂದೆ ಏನು ಕೇಳಬೇಕೆಂದು ತಿಳಿಯುತ್ತದೆ: ಯಾವಾಗ ಈದಿತ್ತು, ಎಷ್ಟು ಸಲ ತಿರುಗಿತು, ಏನು ತಿನ್ನುತ್ತದೆ.

ಕಳೆದ ಏಪ್ರಿಲ್‌ನಲ್ಲಿ ಸವಣೂರು ಕಡೆಯ ರೈತರೊಬ್ಬರು ಎಮ್ಮೆಯನ್ನು ಟೆಂಪೊಗೆ ಏರಿಸಿಕೊಂಡು ಸಂತೆಗೆ ಹೊರಟವರು ನನ್ನಲ್ಲಿ ನಿಂತರು. "ಗೊಡ್ಡೈತ್ರಿ, ಮಾರಾಕ ಹೊಂಟೀನಿ. ಕೆಮ್ಮ ಒಂದು ನಿಂತ್ರ ಸಾಕು." ಎಮ್ಮೆಯನ್ನು ಇಳಿಸಲು ಹೇಳಿದೆ. ಅವರಿಗೆ ಬೇಸರವಾಯಿತು, ಆದರೂ ಇಳಿಸಿದರು. ಕೈಗವಸು ಹಾಕಿ ನೋಡಿದೆ. ಗರ್ಭಕೋಶ ಕೆಳಗೆ ಇಳಿದಿತ್ತು. ಅದರ ಗೋಡೆಯ ಮೇಲೆ ಅಂಗಿ ಗುಂಡಿಯಂಥ ಗಂಟುಗಳು ಬೆರಳಿಗೆ ಸಿಕ್ಕವು. ಪಕ್ಕದ ರಕ್ತನಾಳ ಜುಮ್ ಅಂತ ಮಿಡಿಯುತ್ತಿತ್ತು. ನಾಲ್ಕು ತಿಂಗಳು ತುಂಬಿತ್ತು. ಮೇಯಲು ಬಿಟ್ಟಾಗ ಮಂದೆಯ ಕೋಣ ಕೂಡಿದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಎಮ್ಮೆಯ ಗಬ್ಬದ ಕಾಲ ಸುಮಾರು 310 ದಿನ. ಲೆಕ್ಕ ಹಾಕಿ, ಅಕ್ಟೋಬರ್ ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಅವರು ಅದನ್ನು ನನ್ನಿಂದ ಎರಡು ಸಲ ಓದಿಸಿಕೊಂಡರು. ಮಡಚಿ ಕಿಸೆಯಲ್ಲಿಟ್ಟುಕೊಂಡು ಡ್ರೈವರ್ ಕಡೆ ತಿರುಗಿದರು.

"ಗಾಡಿ ತಿರುಗ್ಸಪಾ, ಮನಿಗೆ ಹೋಗೂಣು."